ಭೀಮರಾಯನಗುಡಿ ಕ್ಯಾಂಪಿನಲ್ಲಿ ಇನ್ನು ಯಾರಿರಬೇಕು?

ಶಹಾಪುರದವರಿಗೆ ಅದು ಇಂದಿಗೂ ‘ಕ್ಯಾಂಪು’. ಅವಸರದ ಮಾತಿನಲ್ಲಿ ‘ಬಿ. ಗುಡಿ’. ಕಾಗದಪತ್ರಗಳಲ್ಲಿ ಮಾತ್ರ ಪೂರ್ತಿ ಹೆಸರು: ಭೀಮರಾಯನಗುಡಿ. ಶಹಾಪುರಕ್ಕೆ ಇಷ್ಟು ಹತ್ತಿರವಿದ್ದೂ ಆ ಪಟ್ಟಣದ ಓಣಿಗಳ ಪೈಕಿ ಒಂದಾಗದೆ ಉಳಿದ ಈ ವಸತಿ ಪ್ರದೇಶದಲ್ಲಿ ನಾನು ಬಾಲ್ಯದ ಹನ್ನೊಂದು ವರ್ಷಗಳನ್ನು ಕಳೆದಿದ್ದೇನೆ. ಅಪ್ಪ ನೀರಾವರಿ ಯೋಜನೆಯ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ಈಚೆಗೆ ಯಾದಗಿರಿಗೆ ಮದುವೆಯೊಂದಕ್ಕೆ ಹೋದವನು, ಹಿಂದಿರುಗುವ ದಾರಿಯನ್ನು ಬೇಕೆಂದೇ ಸುತ್ತು ಮಾಡಿಕೊಂಡು ಅಲ್ಲಿಗೆ ಹೋಗಿ ಬಂದೆ.

ಕೃಷ್ಣಾ ಮೇಲ್ದಂಡೆ ಯೋಜನೆಗೆ ಆಲಮಟ್ಟಿಯಲ್ಲಿ 1964ರ ಮೇ 22ರಂದು ಅಡಿಗಲ್ಲು ಹಾಕಿದವರು ಲಾಲ್ ಬಹಾದ್ದೂರ್ ಶಾಸ್ತ್ರಿ. ಮರುತಿಂಗಳೇ ಅವರು ಪ್ರಧಾನಿಯಾದರು. ನೀರು ಮಾತ್ರ ಅಷ್ಟು ಬೇಗ ಬರಲಿಲ್ಲ. ನಾರಾಯಣಪುರದ ಬಸವಸಾಗರ ಜಲಾಶಯದ ಕೆಲಸ ಮುಗಿದದ್ದು 1982ರಲ್ಲಿ. ಅಲ್ಲಿಂದ ಹೊರಡುವ ಎಡದಂಡೆ ಕಾಲುವೆ, ಅದರಿಂದ ಕವಲೊಡೆಯುವ ಶಹಾಪುರ ಶಾಖಾ ಕಾಲುವೆ, ಮತ್ತೆ ಅದರಿಂದ ಹೊರಡುವ ಹಂಚಿಕೆ ನಾಲೆಗಳು ಇವನ್ನೆಲ್ಲ ತೋಡಿಸಿ, ಅಳೆಸಿ, ಲೆಕ್ಕ ಬರೆಯಲು ನೂರಾರು ಜನ ಬೇಕಿತ್ತು. ಬಿಸಿಲಿನ ಈ ನಾಡಿಗೆ ವರ್ಗವಾಗಿ ಬರುವವರಿಗೆ ಮನೆ ಬೇಕಿತ್ತು. ಹೀಗೆ ಹುಟ್ಟಿದ್ದು ಕ್ಯಾಂಪು. ಹೊಸಪೇಟೆಯ ಟಿ.ಬಿ. ಡ್ಯಾಮ್, ಶರಾವತಿಯ ಕಾರ್ಗಲ್ ಇದೇ ಜಾತಕದ ಊರುಗಳು.

ಜಾತಕ ಎಂದೆ. ಈ ಬಡಾವಣೆಯನ್ನು ಅರ್ಥ ಮಾಡಿಕೊಳ್ಳಬೇಕಾದರೆ ಸುತ್ತಲಿನ ಹಳೆಯ ಪಟ್ಟಣಗಳನ್ನು ನೋಡಬೇಕು. ಕೋಟೆಯ ಬುಡದಲ್ಲಿ ಬೆಳೆದ ಯಾದಗಿರಿಯಾಗಲಿ, ನಾಯಕ ಅರಸರು ಗುಡ್ಡಗಳ ನಡುವೆ ಕಟ್ಟಿದ ಸುರಪುರವಾಗಲಿ, ಮಲಗಿದ ಬುದ್ಧನಂತೆ ಕಾಣುವ ಬೆಟ್ಟದ ಮಗ್ಗುಲಿನ ಶಹಾಪುರವಾಗಲಿ, ಅಲ್ಲಿನ ಹಳೆಯ ಭಾಗದಲ್ಲಿ ಮನೆ ಯಾವ ಓಣಿಯಲ್ಲಿದೆ ಎಂದು ಹೇಳಿದರೆ ಸಾಕು, ಕುಲ ಕೇಳುವ ಅಗತ್ಯವಿರುವುದಿಲ್ಲ. ಕ್ಯಾಂಪಿನಲ್ಲಿ ಕೇಳುತ್ತಿದ್ದ ಪ್ರಶ್ನೆ ಬೇರೆ: ‘ಯಾವ ಟೈಪಿನ ಕ್ವಾರ್ಟರ್ಸು?’ ಮನೆ ಹಂಚಿಕೆಯಾಗುತ್ತಿದ್ದುದು ಸಂಬಳದ ಶ್ರೇಣಿಯ ಮೇಲೆ. ಆದ್ದರಿಂದ ನಮ್ಮ ಸಾಲಿನಲ್ಲಿ ಎಡಗಡೆ ಬೀದರಿನ ಮುಸ್ಲಿಂ ಡ್ರಾಫ್ಟ್ಸ್‌ಮನ್, ಬಲಗಡೆ ಮಂಡ್ಯ ಕಡೆಯ ಒಬ್ಬ ದಲಿತ ಮೇಲ್ವಿಚಾರಕರು, ಎದುರಿಗೆ ಧಾರವಾಡದ ಆಚಾರವಂತರ ಕುಟುಂಬ. ಮೊದಲ ತಿಂಗಳು ಅಮ್ಮ ನೀರಿನ ಕೊಡ ಎಲ್ಲಿಡಬೇಕೆಂಬ ಚಿಂತೆಯಲ್ಲೇ ಇದ್ದಳು. ಎರಡನೆಯ ವರ್ಷಕ್ಕೆ ಮಂಡ್ಯದ ಆ ವೈನಿ ನಮ್ಮ ಅಡುಗೆಮನೆಯಲ್ಲಿ ಕುಳಿತು ಜೋಳದ ರೊಟ್ಟಿ ಬಡಿಯುವುದನ್ನು ಕಲಿತರು. ಅಮ್ಮ ಅವರಿಂದ ರಾಗಿ ಮುದ್ದೆ ಕಲಿತಳು, ಚೆನ್ನಾಗಿ ಮಾಡಲಿಲ್ಲ ಎಂಬುದು ಬೇರೆ ಮಾತು. ಇಂಥದ್ದು ನನ್ನ ಅಜ್ಜಿಯ ಓಣಿಯಲ್ಲಿ ಆ ಕಾಲಕ್ಕೆ ಸಾಧ್ಯವಿರಲಿಲ್ಲ.

ಇದನ್ನು ಬಣ್ಣ ಹಚ್ಚಿ ಹೇಳುವ ಇರಾದೆ ನನಗಿಲ್ಲ. ದೊಡ್ಡ ಸಾಹೇಬರ ಬಂಗಲೆಯ ಮಕ್ಕಳು ನಮ್ಮೊಂದಿಗೆ ಆಡಲು ಬರುತ್ತಿದ್ದುದು ಅಪರೂಪ. ಪಾತ್ರೆ ತಿಕ್ಕುವವರು, ಕಸ ಗುಡಿಸುವವರು ಶಹಾಪುರದ ಕೇರಿಗಳಿಂದ ನಡೆದು ಬಂದು ಸಂಜೆ ಹಿಂದಿರುಗುತ್ತಿದ್ದರು. ಕಾಲುವೆಗೆ ಮಣ್ಣು ಹೊತ್ತವರಂತೂ ಕಾಲುವೆಯ ಪಕ್ಕದ ಗುಡಿಸಿಲಲ್ಲಿದ್ದು, ಕೆಲಸ ಮುಂದೆ ಸರಿದಂತೆ ತಾವೂ ಸರಿದುಹೋದರು. ಜಾತಿ ಅಳಿದಿರಲಿಲ್ಲ, ಗೇಟಿನಾಚೆಗೆ ಹೋಗಿ ನಿಂತಿತ್ತು. ಯೋಜಿತ ಊರುಗಳ ಕಥೆ ಎಲ್ಲೆಡೆ ಹೀಗೆಯೇ ಇರಬೇಕು. ಬ್ರೆಜಿಲ್ ದೇಶ ಬಯಲಿನ ನಡುವೆ ಬ್ರೆಸಿಲಿಯಾ ಎಂಬ ಹೊಸ ರಾಜಧಾನಿಯನ್ನು ಕಟ್ಟಿ 1960ರ ಏಪ್ರಿಲ್ 21ರಂದು ಉದ್ಘಾಟಿಸಿತು. ಎಲ್ಲ ದರ್ಜೆಯ ನೌಕರರೂ ಒಂದೇ ಬಗೆಯ ವಸತಿ ಸಮುಚ್ಚಯಗಳಲ್ಲಿ ಕೂಡಿ ಬಾಳಬೇಕೆಂಬುದು ಅದನ್ನು ರೂಪಿಸಿದ ಲೂಸಿಯೊ ಕೋಸ್ಟಾ ಅವರ ಕನಸು. ಆ ನಗರವನ್ನು ಕಟ್ಟಿದ ಕೂಲಿಗಳಿಗಾಗಿ ಉದ್ಘಾಟನೆಗೆ ಮೊದಲೇ, 1958ರಲ್ಲಿ, ದೂರದ ಟಾಗ್ವಾಟಿಂಗಾದಲ್ಲಿ ಬೇರೆಯೇ ಊರು ಮಾಡಬೇಕಾಯಿತು. ನಮ್ಮ ಕ್ಯಾಂಪಿನ ಕೂಲಿಗಳಿಗೆ ಅಷ್ಟೂ ದಕ್ಕಲಿಲ್ಲ.

ಕ್ಯಾಂಪಿನ ಗೇಟು ಇನ್ನೊಂದು ಕಾರಣಕ್ಕೂ ನನ್ನ ನೆನಪಿನಲ್ಲಿದೆ. ಬೇಸಿಗೆ ಹತ್ತಿರವಾದಂತೆ ರೈತರು ಟ್ರ್ಯಾಕ್ಟರುಗಳಲ್ಲಿ ಬಂದು ಅಲ್ಲಿ ಕೂರುತ್ತಿದ್ದರು. ನೀರು ಬರುವ ಮೊದಲು ಜೋಳ, ತೊಗರಿ ಬೆಳೆಯುತ್ತಿದ್ದ ಕಪ್ಪು ನೆಲದಲ್ಲಿ, ಕಾಲುವೆಯ ಮೇಲ್ಭಾಗದವರು ಭತ್ತಕ್ಕೆ ಹೊರಳಿದ್ದರು. ಕೊನೆಭಾಗದವರ ನಾಲೆಗೆ ನೀರು ಮುಟ್ಟುತ್ತಿರಲಿಲ್ಲ. ‘ಸಾಹೇಬ್ರ, ನೀರು ನಮ್ಮ ತನಕ ಯಾವಾಗ ಬರ್ತದ್ರಿ?’ ಎಂದು ಒಬ್ಬ ಮುದುಕ ಸೈಕಲ್ಲಿನಲ್ಲಿ ಹೋಗುತ್ತಿದ್ದ ಅಪ್ಪನನ್ನು ತಡೆದು ಕೇಳಿದ್ದ. ಬಟವಾಡೆ ಬರೆಯುವ ಗುಮಾಸ್ತ ಏನು ಹೇಳಿಯಾನು? ಅಪ್ಪ ಸೈಕಲ್ಲಿನಿಂದ ಇಳಿದು ನಿಂತರು, ಅಷ್ಟೆ. ಆ ದಿನ ಮನೆಯಲ್ಲಿ ನಲ್ಲಿ ತೆರೆದು ಬಿಟ್ಟದ್ದಕ್ಕೆ ನನಗೆ ಸರಿಯಾಗಿ ಬೈಗುಳ ಬಿತ್ತು. ಯೋಜನೆಯ ಮೊದಲೆರಡು ಹಂತಗಳ ನೀರಾವರಿ ಗುರಿ 6.22 ಲಕ್ಷ ಹೆಕ್ಟೇರ್ ಎಂಬ ಅಂಕಿಯನ್ನು ಓದುವಾಗಲೆಲ್ಲ ನನಗೆ ಆ ಮುದುಕನ ಹೊಲ ಅದರಲ್ಲಿ ಸೇರಿದೆಯೇ ಎಂಬ ಅನುಮಾನ ಕಾಡುತ್ತದೆ.

ಈಗ ಹೋಗಿ ನೋಡಿದರೆ ಕಚೇರಿಗಳಿವೆ, ಕೃಷಿ ಕಾಲೇಜಿದೆ, ವಿದ್ಯಾರ್ಥಿಗಳ ಗದ್ದಲವಿದೆ. ನಮ್ಮ ಹಳೆಯ ಸಾಲಿನಲ್ಲಿ ಮಾತ್ರ ಕೆಲವು ಬಾಗಿಲುಗಳಿಗೆ ಬೀಗ. ಇದು ಯಾರ ತಪ್ಪೂ ಅಲ್ಲ. ಕಾಲುವೆ ಕಟ್ಟುವಾಗ ಬೇಕಾದಷ್ಟು ಜನ ಕಾಲುವೆ ಕಾಯುವಾಗ ಬೇಕಾಗುವುದಿಲ್ಲ. ಮೇಲಾಗಿ ಕ್ಯಾಂಪಿನಲ್ಲಿ ಯಾರೂ ಮುದುಕರಾಗುವಂತಿಲ್ಲ; ನಿವೃತ್ತಿಯೆಂದರೆ ಕೀಲಿ ಒಪ್ಪಿಸಿ ಹೊರಡುವುದು. ಅಪ್ಪ 2001ರಲ್ಲಿ ಹೊರಟಾಗ ತಾವೇ ನೆಟ್ಟ ಬೇವಿನ ಮರದ ಕೆಳಗೆ ಅರ್ಧ ತಾಸು ಕುಳಿತಿದ್ದರಂತೆ. ಸ್ವಂತದ್ದಲ್ಲದ ಮನೆಗೆ ಇಷ್ಟು ಮರುಗುವುದೇಕೆಂದು ಅಮ್ಮ ಗದರಿದಳಂತೆ.

ಆದರೆ ಇದೇ ಜಿಲ್ಲೆಯ ಇನ್ನೊಂದು ಮುಖವನ್ನೂ ನೋಡಬೇಕು. 2009ರ ಡಿಸೆಂಬರ್ 30ರಂದು ಗುಲ್ಬರ್ಗದಿಂದ ಬೇರ್ಪಟ್ಟು ಯಾದಗಿರಿ ಜಿಲ್ಲೆಯಾಯಿತು. ಸಂವಿಧಾನಕ್ಕೆ 371 (ಜೆ) ವಿಧಿಯೂ ಸೇರಿತು, ಹುದ್ದೆಗಳು ಮಂಜೂರಾದವು. ಹುದ್ದೆಗೆ ಬಂದವರು ಊರಲ್ಲಿ ನಿಲ್ಲುತ್ತಾರೆಯೇ? ಮದುವೆಯ ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತಿದ್ದ ಶಿಕ್ಷಕರೊಬ್ಬರು ದಿನವೂ ಕಲಬುರಗಿಯಿಂದ ಬಂದು ಹೋಗುತ್ತಾರೆ. ‘ಮಕ್ಳ ಸಾಲಿ, ದವಾಖಾನಿ, ಬಾಡಿಗಿ ಮನಿ, ಎಲ್ಲಾ ನೋಡ್ಬೇಕಲ್ರಿ’ ಎಂದರು. ಅವರನ್ನು ದೂರಲು ನನಗೆ ಬಾಯಿ ಬರಲಿಲ್ಲ. ನಾನೂ ಬೆಂಗಳೂರು ಸೇರಿದವನೇ. ಈ ತಾಲ್ಲೂಕುಗಳಿಂದ ಗುಂಪುಗುಂಪಾಗಿ ಬೆಂಗಳೂರಿಗೆ ಬರುವ ಕೂಲಿಗಳು ಕಟ್ಟಿದ ಅಪಾರ್ಟ್‌ಮೆಂಟಿನಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ.

ಸುರಪುರದ ಗುಡ್ಡದ ಮೇಲೆ ಮೆಡೋಸ್ ಟೇಲರ್ 1840ರ ದಶಕದಲ್ಲಿ ಕಟ್ಟಿಸಿದ ‘ಟೇಲರ್ ಮಂಜಿಲ್’ ಇದೆ. ಹೊರಗಿನಿಂದ ಬಂದ ಅಧಿಕಾರಿಯೊಬ್ಬನ ಬಂಗಲೆ. ಟೇಲರ್ ಹೋದ, ಅವನು ಮಗನಂತೆ ಬೆಳೆಸಿದ ದೊರೆ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ದಂಗೆಯೆದ್ದು ಸೆರೆಯಾಗಿ ಸತ್ತ, ಸಂಸ್ಥಾನವೂ ಅಳಿಯಿತು. ಬಂಗಲೆ ಉಳಿದದ್ದು ಯಾಕೆಂದರೆ ಮುಂದಿನವರು ಅದನ್ನು ಸರ್ಕಾರಿ ಅತಿಥಿಗೃಹವಾಗಿ ಬಳಸಿದರು. ಬಳಕೆಯಲ್ಲಿರುವ ಮನೆಗೆ ಸುಣ್ಣ ಬಳಿಯುವವರು ಹೇಗೋ ಸಿಗುತ್ತಾರೆ.

ಕ್ಯಾಂಪಿನ ಮನೆಗಳನ್ನು ಯೋಜನೆಯ ನೌಕರರಿಗಷ್ಟೇ ಮೀಸಲು ಎಂದು ತಿಳಿಯುವ ಕಾಲ ಮುಗಿದಿದೆ. ಖಾಲಿಯಿರುವವನ್ನು ಎಣಿಸಿ, ದುರಸ್ತಿ ಮಾಡಿ, ಶಹಾಪುರ ಮತ್ತು ಸುರಪುರ ತಾಲ್ಲೂಕುಗಳಲ್ಲಿ ಕೆಲಸ ಮಾಡುವ ಶುಶ್ರೂಷಕಿಯರಿಗೆ, ಶಿಕ್ಷಕರಿಗೆ, ಕಿರಿಯ ವೈದ್ಯರಿಗೆ ಬಾಡಿಗೆಗೆ ಕೊಡಬಹುದು. ಅವುಗಳಲ್ಲೊಂದು ಪಾಲು ಪೌರಕಾರ್ಮಿಕರಿಗೂ ಇರಲಿ. ಮೊದಲ ಸಲ ಗೇಟಿನಾಚೆ ಉಳಿದವರು ಅವರೇ. ಇಲಾಖೆ ಬೇರೆ, ನಿಯಮ ಬೇರೆ ಎಂಬ ಉತ್ತರ ಬಂದೀತು. ಗುಮಾಸ್ತರ ಮಗನಾದ ನನಗೆ ಆ ಉತ್ತರದ ಭಾಷೆ ಚೆನ್ನಾಗಿ ಗೊತ್ತು. ಒಂದು ಆದೇಶದಿಂದ ಅದು ಬದಲಾಗುವುದನ್ನೂ ಅಪ್ಪನ ಮೇಜಿನ ಮೇಲೆ ಕಂಡಿದ್ದೇನೆ.

ನಮ್ಮ ಮನೆಗೆ ಬೀಗವಿರಲಿಲ್ಲ. ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದ ಹೆಣ್ಣುಮಗಳು ‘ಯಾರ್ ಬೇಕಾಗಿತ್ರಿ?’ ಎಂದರು. ಹಿಂದೆ ಇಲ್ಲಿದ್ದವರು ಎಂದೆ. ‘ಬರ್ರಿ ಅಣ್ಣಾರ, ನೀರು ಕುಡೀರಿ’ ಎಂದು ಒಳಗೆ ಹೋಗಿ ತಂಬಿಗೆ ತಂದರು. ಬೇವಿನ ಮರ ಮನೆಗಿಂತ ಎತ್ತರವಾಗಿದೆ. ಅದರ ಬೇರಿನಿಂದ ಮೋರಿ ಒಡೆದಿದೆ, ಬಂದು ನೋಡಿ ಹೋದವರು ಇನ್ನೂ ತಿರುಗಿ ಬಂದಿಲ್ಲ ಎಂದು ಅವರು ಹೇಳಿದರು.