ಆತ್ಮಸ್ತುತಿಯಲ್ಲ, ಆತ್ಮಪರಿಚಯ

ಉದ್ಯೋಗದ ಅರ್ಜಿಯಲ್ಲಿ ತಮ್ಮ ವಿದ್ಯಾಸಾಧನೆಯನ್ನು ಬರೆಯಲು ನಮ್ಮ ವಿದ್ಯಾರ್ಥಿಗಳು ಅನೇಕರು ಸಂಕೋಚಪಡುತ್ತಾರೆ. ಎಸ್.ಎಸ್.ಎಲ್.ಸಿ. ಪರೀಕ್ಷೆಯ ಕನ್ನಡದಲ್ಲಿ 125ಕ್ಕೆ 121 ಅಂಕ ಗಳಿಸಿದ್ದ ಶಿಷ್ಯನೊಬ್ಬನು ತನ್ನ ಅರ್ಜಿಯಲ್ಲಿ ‘ಕನ್ನಡವನ್ನು ತಕ್ಕಮಟ್ಟಿಗೆ ಬಲ್ಲೆ’ ಎಂದಷ್ಟೇ ಬರೆದಿದ್ದನು. ಸಂದರ್ಶನದ ಕರೆ ಬರಲಿಲ್ಲ. ಇದು ವಿನಯವಲ್ಲ; ಇದ್ದ ಸತ್ಯವನ್ನು ಮರೆಮಾಡಿದಂತೆ.

ಆದಿಕವಿ ಪಂಪನನ್ನು ನೋಡಿರಿ. ತನ್ನ ವಂಶವನ್ನೂ ಗುರು ದೇವೇಂದ್ರಮುನಿಯನ್ನೂ ಹೇಳಿಕೊಂಡುದಲ್ಲದೆ, ‘ಆದಿಪುರಾಣ’ವನ್ನು 3 ತಿಂಗಳಲ್ಲಿಯೂ ‘ವಿಕ್ರಮಾರ್ಜುನ ವಿಜಯ’ವನ್ನು 6 ತಿಂಗಳಲ್ಲಿಯೂ ಮುಗಿಸಿದುದನ್ನು ಅಳುಕದೆ ತಿಳಿಸಿದನು. ಕೃತಿಗಳೇ ಎದುರಿಗಿದ್ದುದರಿಂದ ಆ ಮಾತು ಜಂಬವೆನಿಸಲಿಲ್ಲ.

ಆದುದರಿಂದ ಅರ್ಜಿದಾರನು ‘ಪ್ರತಿಭಾವಂತ’, ‘ಪರಿಶ್ರಮಿ’ ಎಂಬ ವಿಶೇಷಣಗಳನ್ನು ಬಿಟ್ಟು, ಪರೀಕ್ಷೆ, ವರ್ಷ, ಅಂಕ, ಪಡೆದ ಸ್ಥಾನ, ಬಹುಮಾನ ಇವುಗಳನ್ನು ನೇರವಾಗಿ ನಮೂದಿಸಬೇಕು. ಬಯಸಿದ ಹುದ್ದೆಗೆ ಹೆಚ್ಚು ಸಲ್ಲುವ ಸಾಧನೆಯನ್ನು ಮೊದಲಿಗಿಡಬೇಕು. ಪ್ರಮಾಣಪತ್ರದಿಂದ ತೋರಿಸಲಾಗದುದನ್ನು ಬರೆಯಲೇಬಾರದು. ಆಧಾರವಿದ್ದಲ್ಲಿ ಧೈರ್ಯ ತಾನಾಗಿ ಬರುತ್ತದೆ.

ಅಧ್ಯಾಪಕ ಬಂಧುಗಳು ಇದನ್ನು ತರಗತಿಯಲ್ಲಿಯೇ ಅಭ್ಯಾಸ ಮಾಡಿಸಲೆಂದು ನನ್ನ ಬಿನ್ನಹ. ಉಳ್ಳವರ ಮಕ್ಕಳಿಗೆ ಹೇಳುವವರು ಹತ್ತು ಮಂದಿ ಇರುತ್ತಾರೆ. ಬಡವರ ಮನೆಯ ಮಕ್ಕಳಿಗೆ ಅವರ ಅರ್ಜಿಯೊಂದೇ ಶಿಫಾರಸು.