ಕಿವಿಯ ಪರಿಹಾರಕ್ಕೆ ಏಕಿಷ್ಟು ತಡ?

ಪ್ರಶ್ನೆ: ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಪಂಪ್‌ಹೌಸ್, ಬಸ್ ವರ್ಕ್‌ಶಾಪ್‌ಗಳಲ್ಲಿ ದುಡಿದು ಕಿವಿ ಮಂದವಾದ ಸರ್ಕಾರಿ ನೌಕರರಿಗೆ ಪರಿಹಾರ ಬೇಗ ಸಿಗಲು ದಾರಿಯೇನು?

ಉತ್ತರ: ತಡಕ್ಕೆ ಕಾರಣ ಕಾನೂನಿನ ಕೊರತೆಯಲ್ಲ. ಶಬ್ದದಿಂದ ಬರುವ ಶ್ರವಣದೋಷವನ್ನು 1923ರ ನೌಕರರ ಪರಿಹಾರ ಕಾಯ್ದೆಯ ಮೂರನೇ ಅನುಸೂಚಿಯೇ ಔದ್ಯೋಗಿಕ ರೋಗಗಳ ಪಟ್ಟಿಗೆ ಸೇರಿಸಿತ್ತು. 2009ರ ತಿದ್ದುಪಡಿ ಇತ್ಯರ್ಥಕ್ಕೆ 3 ತಿಂಗಳ ಗಡುವನ್ನೂ ಹಾಕಿತು. ಕಗ್ಗಂಟಾಗುವುದು ಪುರಾವೆ. ಕೆಲಸಕ್ಕೆ ಸೇರುವಾಗ ಕಿವಿ ಹೇಗಿತ್ತೆಂಬ ದಾಖಲೆ ಇಲ್ಲದಿದ್ದರೆ, ‘ಇದು ವಯಸ್ಸಿನ ಕಿವುಡು’ ಎಂಬ ಒಂದೇ ಆಕ್ಷೇಪಕ್ಕೆ ಕಡತ ನಿಂತುಬಿಡುತ್ತದೆ. ಶಬ್ದ ಕೆಡಿಸಿದ ಕಿವಿಯ ಆಡಿಯೋಗ್ರಾಮ್‌ನಲ್ಲಿ (ಶ್ರವಣ ಪರೀಕ್ಷೆಯ ನಕ್ಷೆಯಲ್ಲಿ) ಗೆರೆ ಸಾಮಾನ್ಯವಾಗಿ 4000 ಹರ್ಟ್ಸ್ ಆಸುಪಾಸಿನಲ್ಲಿ ಕುಸಿದು, 8000ದ ಹೊತ್ತಿಗೆ ತುಸು ಏರುತ್ತದೆ. ವಯಸ್ಸಿನ ಕಿವುಡಿನಲ್ಲಿ ಹಾಗೆ ಏರುವುದಿಲ್ಲ. ಆದರೆ ವಯಸ್ಸಾದಂತೆ ಈ ಗುರುತೂ ಅಳಿಸಿಹೋಗುತ್ತದೆ! ಆದ್ದರಿಂದ ನಿವೃತ್ತಿಯ ಅಂಚಿನ ಪರೀಕ್ಷೆಗಿಂತ, ಸೇರುವಾಗಿನದೂ ವರ್ಷಕ್ಕೊಮ್ಮೆಯದೂ ಸೇವಾ ಪುಸ್ತಕದಲ್ಲಿರಬೇಕು.

ಇದಕ್ಕೆಲ್ಲ ತಾಲ್ಲೂಕಿನಲ್ಲಿ ತಜ್ಞರೆಲ್ಲಿ ಎನ್ನಬಹುದು. ಪ್ರಾಥಮಿಕ ತಪಾಸಣೆಗೆ ತರಬೇತಾದ ಸಿಬ್ಬಂದಿ ಸಾಕು. ಅನುಮಾನ ಬಂದವರನ್ನಷ್ಟೇ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕಳಿಸಿದರಾಯಿತು. ಸುಳ್ಳು ಅರ್ಜಿಯ ಭಯವಿದ್ದರೆ, ಮಿದುಳಿನ ಪ್ರತಿಕ್ರಿಯೆಯನ್ನೇ ಅಳೆಯುವ ಬೆರಾ ಪರೀಕ್ಷೆಯಿದೆ. ಅಲ್ಲಿ ನಟನೆ ನಡೆಯದು. ಹನೂರಿನ ಕಾಡಂಚಿನಿಂದ ಕೂಲಿ ಬಿಟ್ಟು ಬರುವ ಹಂಗಾಮಿ ನೌಕರನನ್ನು ಮತ್ತೆ ಮತ್ತೆ ಅಲೆದಾಡಿಸದೆ, ಪ್ರಯಾಣದ ಖರ್ಚನ್ನು ಇಲಾಖೆಯೇ ಕೊಡಬೇಕು.