ಸ್ಲೈಡ್ ನುಡಿಸಲು ತಂತಿ ಎಷ್ಟು ಎತ್ತರವಿರಬೇಕು?

ಪ್ರಶ್ನೆ: ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಸ್ಲೈಡ್ ನುಡಿಸಲು ಏನು ಬದಲಿಸಬೇಕು?

ಉತ್ತರ: ಮೊದಲು ತಂತಿಯ ಎತ್ತರ. ಸ್ಲೈಡ್ ಎಂಬ ಗಾಜಿನ ಕೊಳವೆ ತಂತಿಯನ್ನು ಮುಟ್ಟಬೇಕು, ಅದುಮಬಾರದು. ತಂತಿ ತೀರಾ ತಗ್ಗಿದ್ದರೆ ಕೊಳವೆ ಫ್ರೆಟ್‌ಗೆ ಬಡಿದು ಕಟಕಟ ಎನ್ನುತ್ತದೆ. ಆದ್ದರಿಂದ ಬ್ರಿಡ್ಜ್‌ನ ತಿರುಪನ್ನು ಸ್ವಲ್ಪಸ್ವಲ್ಪವೇ ತಿರುಗಿಸಿ ತಂತಿ ಏರಿಸುತ್ತಾ, ಆ ಸದ್ದು ನಿಂತಲ್ಲಿ ನಿಲ್ಲಿಸಿ. ತೆಳು ತಂತಿ ಕೊಳವೆಯ ಭಾರಕ್ಕೇ ಬಾಗುವುದರಿಂದ 0.011 ಇಂಚು ದಪ್ಪದಿಂದ ಶುರುವಾಗುವ ತಂತಿಗಳ ಸೆಟ್ ಲೇಸು. ‘ಎತ್ತರಿಸಿದರೆ ಬೆರಳಿನಿಂದ ನುಡಿಸುವುದು ಕಷ್ಟವಲ್ಲವೇ?’ ಎನ್ನಬಹುದು. ಅತಿಯಾದರೆ ಕಷ್ಟವೇ. ಆದರೆ ಅಮೆರಿಕದ ಗಿಟಾರ್ ವಾದಕ ಡೆರೆಕ್ ಟ್ರಕ್ಸ್, ಬರಿ ತಂತಿಗಳೇ ಇ ಮೇಜರ್ ಕಾರ್ಡ್ ಕೊಡುವ ಓಪನ್ ಇ ಶ್ರುತಿಯಲ್ಲಿ, ಒಂದೇ ಗಿಟಾರ್‌ನಲ್ಲಿ ಸ್ಲೈಡ್, ಬೆರಳು ಎರಡರಿಂದಲೂ ನುಡಿಸುತ್ತಾರೆ. ಮಧ್ಯಮ ಎತ್ತರ, ಹಗುರ ಕೈ ಸಾಕು. ಕೊಳವೆಯನ್ನು ಫ್ರೆಟ್ ಪಟ್ಟಿಯ ನೇರಕ್ಕೇ ಇಡಿ, ಕೊಳವೆಯ ಹಿಂದಿನ ಬೆರಳಿಂದ ತಂತಿಯನ್ನು ಮೆಲ್ಲನೆ ತಡೆಯಿರಿ. ಸ್ವರ ಶುದ್ಧವಾಗುತ್ತದೆ.